ಮನೆಯ ಹಿರಿಯರ ಅನುಭವ ಬರೆದಿಡುವುದು ಹೇಗೆ? ವಾರಕ್ಕೆ ಒಂದು ಗಂಟೆಯ ಸಮಗ್ರ ಮಾರ್ಗದರ್ಶಿ

ಅಜ್ಜಿ ಹೇಳುವುದನ್ನೆಲ್ಲ ರೆಕಾರ್ಡ್ ಮಾಡಿಡಬೇಕು ಅಂತ ಹೊರಟವರಲ್ಲಿ ಹೆಚ್ಚಿನವರು ಎರಡನೇ ವಾರಕ್ಕೇ ನಿಲ್ಲಿಸಿಬಿಡುತ್ತಾರೆ. ಯಾಕೆ ಅಂದರೆ "ಟೈಮ್ ಸಿಗಲಿಲ್ಲ" ಅನ್ನುತ್ತಾರೆ. ಅದು ಅರ್ಧ ನಿಜ. ಮೊದಲ ದಿನ "ಅಜ್ಜಿ, ನಿಮ್ಮ ಜೀವನದ ಬಗ್ಗೆ ಏನಾದ್ರೂ ಹೇಳಿ" ಅಂತ ಫೋನ್ ಮುಂದೆ ಹಿಡಿದಿರುತ್ತಾರೆ. ಅಜ್ಜಿ "ನನ್ನದೇನಿದೆ ಹೇಳೋಕೆ, ಎಲ್ಲರ ಹಾಗೇ" ಅಂದಿರುತ್ತಾರೆ. ಮಾತು ಅಲ್ಲಿಗೇ ಮುಗಿದಿರುತ್ತದೆ. ಇನ್ನು ಕೆಲವರ ಫೋನಿನಲ್ಲಿ ಗಂಟೆಗಟ್ಟಲೆ ಆಡಿಯೋ ಬಿದ್ದಿರುತ್ತದೆ, ಆದರೆ ಒಂದನ್ನೂ ಮತ್ತೆ ತೆರೆದು ಕೇಳಿರುವುದಿಲ್ಲ.

ಈ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಸಮಯ, ಆಮೇಲೆ ವಿಷಯ, ಆಮೇಲೆ ಪ್ರಶ್ನೆ. ರೆಕಾರ್ಡಿಂಗ್ ಬಟನ್ ಒತ್ತುವುದು ಕೊನೆಗೆ. ಬಟನ್‌ನಿಂದಲೇ ಶುರು ಮಾಡುವವರು ಬೇಗ ಸುಸ್ತಾಗುತ್ತಾರೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಮಗೆ ಗೊತ್ತಿರುವುದನ್ನು ಕೂತು ವಿವರಿಸುವುದು ಹಿರಿಯರಿಗೆ ಕಷ್ಟ. ನಾವು ಮಾಡುವ ತಪ್ಪನ್ನು ತಿದ್ದುವುದು ಅವರಿಗೆ ಬಹಳ ಸುಲಭ. ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ. ಹಂತ 6ರಲ್ಲಿ ಇದನ್ನು ವಿವರವಾಗಿ ನೋಡೋಣ.

ಬೇಕಾದ ಸಾಮಾನು

ಕೈಯಲ್ಲಿರುವ ಫೋನ್, ಅದರಲ್ಲೇ ಬರುವ ವಾಯ್ಸ್ ರೆಕಾರ್ಡರ್, ಗೆರೆ ಹಾಕಿದ ಒಂದು ದಪ್ಪ ನೋಟ್‌ಬುಕ್, ಪೆನ್ನು, ಒಂದು ಪೆನ್ ಡ್ರೈವ್. ಅಡುಗೆಯ ವಿಷಯ ಇದ್ದರೆ ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯೂ ಬೇಕು. ಮೈಕ್ ಕೊಳ್ಳಲು ಹೋಗಬೇಡಿ. ಮೈಕ್ ಆರ್ಡರ್ ಮಾಡಿ, ಅದು ಬರಲಿ ಅಂತ ಕಾಯುವುದು ಕೆಲಸ ಮುಂದೂಡುವ ಇನ್ನೊಂದು ದಾರಿ ಅಷ್ಟೇ.

ಜಾಗದ ಚಿಂತೆಯೂ ಬೇಡ. 128 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ನಿಮಿಷದ ಆಡಿಯೋ ಸುಮಾರು 1 ಎಂಬಿ ಆಗುತ್ತದೆ, ಅಂದರೆ ಒಂದು ಗಂಟೆಗೆ ಸುಮಾರು 60 ಎಂಬಿ. ವರ್ಷವಿಡೀ ವಾರಕ್ಕೆ ಅರ್ಧ ಗಂಟೆ ರೆಕಾರ್ಡ್ ಮಾಡಿದರೂ 2 ಜಿಬಿ ದಾಟುವುದಿಲ್ಲ.

ಹಂತ 1: ಮೊದಲು ಗಂಟೆಯನ್ನು ಗುರುತಿಸಿ

ನಿಮಗೆ ಬಿಡುವಾಗುವ ಹೊತ್ತನ್ನು ಬದಿಗಿಟ್ಟು ಅವರ ದಿನ ಹೇಗೆ ಸಾಗುತ್ತದೆ ಅಂತ ನೋಡಿ. ಬೆಳಗ್ಗೆ ಸ್ನಾನ, ಪೂಜೆ, ತಿಂಡಿ, ಮಾತ್ರೆ. ಮಧ್ಯಾಹ್ನ ಊಟ ಆದಮೇಲೆ ಒಂದು ನಿದ್ದೆ. ಸಂಜೆ ದೀಪ, ಆಮೇಲೆ ಧಾರಾವಾಹಿ. ಇದರ ನಡುವೆ ಸಾಮಾನ್ಯವಾಗಿ ಎರಡು ಜಾಗ ಖಾಲಿ ಇರುತ್ತವೆ. ಒಂದು ಹತ್ತೂವರೆಯಿಂದ ಹನ್ನೊಂದೂವರೆ, ಸೊಪ್ಪು ಬಿಡಿಸುವ, ಅಕ್ಕಿ ಆರಿಸುವ ಹೊತ್ತು. ಇನ್ನೊಂದು ನಾಲ್ಕು ಗಂಟೆಯ ಕಾಫಿ ಆದಮೇಲೆ. ಧಾರಾವಾಹಿ ಹೊತ್ತಿಗೆ ಪ್ರಶ್ನೆ ಕೇಳಿದರೆ ಸಿಗುವುದು "ಹೂಂ" ಮಾತ್ರ.

ಆ ಹೊತ್ತು ನಿಮಗೂ ಹೊಂದಬೇಕಲ್ಲ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಅಥವಾ ಐಫೋನ್‌ನ ಸ್ಕ್ರೀನ್ ಟೈಮ್ ತೆರೆದು, ಕಳೆದ ಭಾನುವಾರ ಯಾವ ಆ್ಯಪ್‌ಗೆ ಎಷ್ಟು ಹೊತ್ತು ಕೊಟ್ಟಿದ್ದೀರಿ ಅಂತ ನೋಡಿ. ಹೊಸದಾಗಿ ಒಂದು ಗಂಟೆ ಹುಡುಕುತ್ತಾ ಹೋದರೆ ಅದು ಸಿಗುವುದಿಲ್ಲ. ಈಗಾಗಲೇ ಖರ್ಚಾಗುತ್ತಿರುವ ಒಂದು ಗಂಟೆಯನ್ನು ಇಲ್ಲಿಗೆ ತಿರುಗಿಸಬೇಕು. ಯಾವುದನ್ನು ಬಿಡುತ್ತೀರಿ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಬಿಡುವುದರ ಹೆಸರು ಬರೆಯದೆ ಶುರು ಮಾಡಿದವರು ಮೂರನೇ ವಾರ ಸಿಗುವುದಿಲ್ಲ.

ಗಂಟೆಯನ್ನು ಹೀಗೆ ಹಂಚಿ: ಮಾತಿಗೆ 30 ನಿಮಿಷ, ಬರೆಯಲು 20, ಫೈಲ್ ಎತ್ತಿಡಲು 10. ಮಾತಿಗೇ ಪೂರ್ತಿ ಗಂಟೆ ಕೊಟ್ಟರೆ ಉಳಿದ ಎರಡು ಕೆಲಸ ಯಾವತ್ತೂ ಆಗುವುದಿಲ್ಲ.

ಹೊರದೇಶದಲ್ಲಿರುವವರು ಗಡಿಯಾರ ಬದಲಾಗುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಭಾನುವಾರ ಬೆಳಗ್ಗೆ 8 ಅಂದರೆ ಇಲ್ಲಿ ಸಂಜೆ 5:30, ಒಳ್ಳೆಯ ಹೊತ್ತು. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದೆ ಹೋದಮೇಲೆ ಅದೇ ಕರೆ ಇಲ್ಲಿ 6:30ಕ್ಕೆ ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ. "ಈಚೆಗೆ ಅಮ್ಮ ಸರಿಯಾಗಿ ಮಾತಾಡ್ತಿಲ್ಲ" ಅನ್ನುವುದಕ್ಕೆ ಇಷ್ಟೇ ಕಾರಣ ಇದ್ದರೂ ಇರಬಹುದು. ಇನ್ನೊಂದು ವಿಷಯ. ಕರೆಯನ್ನು ಅದೇ ಫೋನಿನಲ್ಲಿ ರೆಕಾರ್ಡ್ ಮಾಡಲು ಒದ್ದಾಡಬೇಡಿ. ಊರಲ್ಲಿರುವ ಯಾರಾದರೂ ಅಮ್ಮನ ಪಕ್ಕ ಇನ್ನೊಂದು ಫೋನ್ ಇಟ್ಟು ರೆಕಾರ್ಡ್ ಮಾಡಿದರೆ ಧ್ವನಿ ಎಷ್ಟೋ ಸ್ಪಷ್ಟ.

ಸಾಮಾನ್ಯ ತಪ್ಪು: ಹಬ್ಬಕ್ಕೆ ಊರಿಗೆ ಹೋದಾಗ ಮಾಡೋಣ ಅಂದುಕೊಳ್ಳುವುದು. ಹಬ್ಬದ ದಿನ ಮನೆ ತುಂಬ ಜನ, ಯಾರಿಗೂ ಪುರುಸೊತ್ತಿಲ್ಲ. ಹೋಗುವುದಾದರೆ ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ಹೋಗಿ. ಚಕ್ಕುಲಿ, ಕೋಡುಬಳೆ, ಸಾಮಾನಿನ ಪಟ್ಟಿ, ಯಾರಿಗೆ ಎಷ್ಟು ಬಾಗಿನ ಅನ್ನುವ ಲೆಕ್ಕ ಎಲ್ಲ ನಡೆಯುವುದು ಆಗಲೇ.

ಹಂತ 2: ಒಂದು ಸಣ್ಣ ವಿಷಯ ಆರಿಸಿ

"ಹಳ್ಳಿ ಜೀವನ" ಅನ್ನುವುದು ವಿಷಯವೇ ಅಲ್ಲ, ಅದು ಒಂದು ಸಮುದ್ರ. "ತಿಂಗಳ ಕೊನೆಗೆ ಅಕ್ಕಿ ಸಾಲದೆ ಬಂದಾಗ ಏನು ಮಾಡುತ್ತಿದ್ದರು" ಅನ್ನುವುದು ವಿಷಯ. ಬಿತ್ತನೆ ಬೀಜ ಹುಳ ಬೀಳದ ಹಾಗೆ ಇಡುವುದು, ಮದುವೆಯ ಮುಯ್ಯಿ ಲೆಕ್ಕ, ಹೇಳದೆ ಬಂದ ನೆಂಟರಿಗೆ ಸಾರು ಸಾಲಿಸುವುದು, ಅತ್ತೆ-ಸೊಸೆ ಮಾತು ಬಿಟ್ಟಾಗ ಮೊದಲು ಮಾತಾಡಿಸುತ್ತಿದ್ದವರು ಯಾರು ಅನ್ನುವುದು. ಒಂದು ವಾರಕ್ಕೆ ಒಂದು ಸಾಕು.

ಬೇಸಾಯದ ಮನೆಯವರಾದರೆ ಮಳೆ ನಕ್ಷತ್ರಗಳಿಂದ ಶುರು ಮಾಡಿ. ಇದರಷ್ಟು ಚೆನ್ನಾಗಿ ಕೆಲಸ ಮಾಡುವ ವಿಷಯ ಇನ್ನೊಂದಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ 25ರ ಆಸುಪಾಸು, ಆರಿದ್ರಾ ಜೂನ್ 22ರ ಸುಮಾರಿಗೆ, ಮಘೆ ಆಗಸ್ಟ್ ಮಧ್ಯದಲ್ಲಿ, ಚಿತ್ತೆ ಅಕ್ಟೋಬರ್ 10ರ ಹೊತ್ತಿಗೆ. ಕ್ಯಾಲೆಂಡರಿನಲ್ಲಿ ಯಾವ ಮಳೆ ನಡೆಯುತ್ತಿದೆ ನೋಡಿ, ಆ ವಾರ ಅದನ್ನೇ ಕೇಳಿ. ವಿಷಯ ಹುಡುಕುವ ಕೆಲಸ ವರ್ಷದ ಅರ್ಧ ಭಾಗಕ್ಕೆ ತಪ್ಪುತ್ತದೆ.

ಗಾದೆ ಬಂತು ಅಂದರೆ ಬರೆದುಕೊಂಡು ಸುಮ್ಮನಾಗಬೇಡಿ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅಂದರೆ, "ನಮ್ಮ ಹೊಲದಲ್ಲಿ ಆಗ ಯಾವ ಬೆಳೆ ಇರ್ತಿತ್ತು?" ಅಂತ ಕೇಳಿ. "ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ" ಅಂದರೆ, "ರೋಹಿಣಿ ಕೈ ಕೊಟ್ಟ ವರ್ಷ ಏನು ಬಿತ್ತಿದ್ರಿ?" ಅನ್ನಿ. "ಕುರುಡು ಚಿತ್ತೆ ಎರಚಿದತ್ತ ಬೆಳೆ" ಅನ್ನುವ ಮಾತಿಗೆ, ಪಕ್ಕದ ಹೊಲಕ್ಕೆ ಬಂದ ಮಳೆ ನಿಮ್ಮ ಹೊಲಕ್ಕೆ ಬಾರದ ವರ್ಷದ ಕತೆ ಕೇಳಿ. ಗಾದೆ ಎಲ್ಲಿ ಬೇಕಾದರೂ ಸಿಗುತ್ತದೆ. ನಿಮ್ಮ ಮನೆಯ ಹೊಲದ ಮೇಲೆ ಅದು ಹೇಗೆ ನಡೆಯಿತು ಅನ್ನುವುದು ಇವರ ಹತ್ತಿರ ಮಾತ್ರ ಸಿಗುತ್ತದೆ.

ಹಂತ 3: ಒಪ್ಪಿಗೆ ಕೇಳಿ

"ಮರೆತು ಹೋಗುತ್ತೆ ಅಜ್ಜಿ, ರೆಕಾರ್ಡ್ ಮಾಡ್ಕೊಳ್ಲಾ?" ಅಂತ ಬಾಯಿಬಿಟ್ಟು ಕೇಳಿ. ಕದ್ದು ರೆಕಾರ್ಡ್ ಮಾಡಬೇಡಿ. ಒಂದು ಸಲ ಗೊತ್ತಾದರೆ ಆಮೇಲೆ ನಿಮ್ಮ ಮುಂದೆ ತೂಕ ಮಾಡಿಯೇ ಮಾತಾಡುತ್ತಾರೆ.

ಜಮೀನಿನ ಪಾಲು, ಸಾಲ, ಯಾರದೋ ಮದುವೆ ಮುರಿದ ವಿಷಯ ಬಂದರೆ ನೀವೇ ರೆಕಾರ್ಡಿಂಗ್ ನಿಲ್ಲಿಸಿ, ಫೋನನ್ನು ತಿರುವಿ ಇಡಿ. ಕೇಳಿಸಿಕೊಳ್ಳಿ, ಆದರೆ ದಾಖಲೆ ಬೇಡ. ಇನ್ನು, ಆಡಿಯೋವನ್ನು ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಉತ್ಸಾಹ ತಡೆದುಕೊಳ್ಳಿ. ಅಜ್ಜಿ ಆಡಿದ ಒಂದು ಮಾತನ್ನು ದೊಡ್ಡಮ್ಮ ಬೇರೆ ಥರ ಕೇಳಿಸಿಕೊಂಡರೆ ಮುಂದಿನ ವಾರದಿಂದ ಯಾರೂ ಬಾಯಿ ಬಿಡುವುದಿಲ್ಲ.

ಹಂತ 4: ಎರಡು ನಿಮಿಷದ ಪರೀಕ್ಷೆ

ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ನಡುವೆ ಕರೆ ಬಂದರೆ ಎಷ್ಟೋ ಫೋನ್‌ಗಳಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಫೋನನ್ನು ಅವರಿಂದ ಒಂದು ಮೊಳ ದೂರದಲ್ಲಿ, ಮಡಚಿದ ಟವೆಲ್ ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಕೇಳುತ್ತದೆ. ಫ್ಯಾನ್ ಮತ್ತು ಟಿವಿ ಆರಿಸಿ. ಒಂದೆರಡು ಮಾತು ರೆಕಾರ್ಡ್ ಮಾಡಿ, ಕೇಳಿ ನೋಡಿ, ಆಮೇಲೆ ಶುರು ಮಾಡಿ.

ಕಿವಿ ಮಂದ ಇದ್ದರೆ ಯಾವ ಕಿವಿ ಚೆನ್ನಾಗಿ ಕೇಳುತ್ತದೋ ಆ ಪಕ್ಕ ಕೂರಿ. ಕಿರುಚಬೇಡಿ, ನಿಧಾನವಾಗಿ ಮಾತಾಡಿ.

ಹಂತ 5: ಪ್ರಶ್ನೆ ಕೇಳುವ ರೀತಿ

ಮನೆಯಲ್ಲಿ ಅಜ್ಜಿಗೆ "ನೀನು" ಅನ್ನುವ ರೂಢಿ ಇದ್ದರೆ ರೆಕಾರ್ಡಿಂಗ್‌ನಲ್ಲೂ "ನೀನು" ಅನ್ನಿ. ಅವ್ವ, ಆಯಿ, ಅಮ್ಮಮ್ಮ, ಯಾವುದು ಕರೆದು ರೂಢಿಯೋ ಅದೇ ಇರಲಿ. ಫೋನ್ ಮುಂದಿದೆ ಅಂತ ನೀವು ಇದ್ದಕ್ಕಿದ್ದಂತೆ ವಾರ್ತೆ ಓದುವವರ ಕನ್ನಡಕ್ಕೆ ತಿರುಗಿದರೆ ಅವರೂ ತಿರುಗುತ್ತಾರೆ. ಆಮೇಲೆ ಬರುವುದೆಲ್ಲ ಭಾಷಣ.

"ನಮಗೆ ಏನು ಬುದ್ಧಿಮಾತು ಹೇಳ್ತೀರಿ?" ಅನ್ನುವ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ಇದಕ್ಕೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಸತ್ಯವಂತರಾಗಿರಿ, ಹಿರಿಯರಿಗೆ ಮರ್ಯಾದೆ ಕೊಡಿ, ದುಡ್ಡು ಉಳಿಸಿ. ತಪ್ಪೇನಿಲ್ಲ, ಆದರೆ ಅದು ಗೋಡೆ ಕ್ಯಾಲೆಂಡರಿನಲ್ಲೂ ಇದೆ. "ಯಾಕೆ" ಅನ್ನುವ ಪ್ರಶ್ನೆಯೂ ಶುರುವಿಗೆ ಬೇಡ, ಅದು ತಪ್ಪು ಹಿಡಿದ ಹಾಗೆ ಕೇಳುತ್ತದೆ. ಆ ದಿನ ಏನಾಯಿತು, ಯಾರು ಬಂದರು, ಮೊದಲು ಏನು ಮಾಡಿದಿರಿ, ದುಡ್ಡು ಎಲ್ಲಿಂದ ತಂದಿರಿ ಅಂತ ಕೇಳಿ. ಕಾರಣ ತಾನಾಗಿಯೇ ಬರುತ್ತದೆ.

ಅವರು ಸುಮ್ಮನಾದಾಗ ನೀವೂ ಸ್ವಲ್ಪ ಸುಮ್ಮನಿರಿ. ಇದು ಕೇಳಲು ಸುಲಭ, ಮಾಡಲು ಕಷ್ಟ. ನಾವು ಮುಂದಿನ ಪ್ರಶ್ನೆಗೆ ಹಾರಿಬಿಡುತ್ತೇವೆ. ಮನಸ್ಸಿನಲ್ಲಿ ಹತ್ತು ಎಣಿಸಿ. "ಆಮೇಲೆ ಒಂದು ವಿಷಯ..." ಅಂತ ಅವರೇ ಶುರು ಮಾಡುವ ಮಾತು ಸಾಮಾನ್ಯವಾಗಿ ನಿಮ್ಮ ಪ್ರಶ್ನೆಗಿಂತ ಒಳ್ಳೆಯದಿರುತ್ತದೆ.

ಹೇಳಿದ್ದನ್ನೇ ಹೇಳಿದರೆ "ಇದು ಆಗಲೇ ಹೇಳಿದ್ರಿ" ಅನ್ನಬೇಡಿ. ಎರಡನೇ ಸಲ ಹೇಳುವಾಗ ಮೊದಲು ಬಿಟ್ಟಿದ್ದ ಒಂದು ಹೆಸರೋ ಊರೋ ಸೇರಿಕೊಳ್ಳುತ್ತದೆ.

ಹಂತ 6: ತಪ್ಪು ಮಾಡಿ ತೋರಿಸಿ

ನಲವತ್ತು ವರ್ಷ ಮಾಡಿದ ಕೆಲಸ ಕೈಯಲ್ಲಿ ಇರುತ್ತದೆ, ಮಾತಿನಲ್ಲಿ ಇರುವುದಿಲ್ಲ. "ಕೋಡುಬಳೆ ಹಿಟ್ಟು ಹೇಗೆ ಕಲೆಸ್ತೀರಿ?" ಅಂದರೆ "ಹದವಾಗಿ ಕಲೆಸೋದು" ಅನ್ನುತ್ತಾರೆ. ಹದ ಅಂದರೆ ಎಷ್ಟು ಅಂತ ಅವರಿಗೂ ಹೇಳಲು ಬರುವುದಿಲ್ಲ.

ಪ್ರಶ್ನೆ ಬಿಡಿ. ಅವರ ಮುಂದೆ ಕೂತು ನೀವೇ ಕಲೆಸಿ. ನೀರು ಸ್ವಲ್ಪ ಕಡಿಮೆ ಹಾಕಿ. "ಅಯ್ಯೋ, ಇದು ಸುತ್ತೋಕೆ ಹೋದ್ರೆ ಬಿರುಕು ಬಿಡುತ್ತೆ, ಇನ್ನೊಂದು ಚೂರು ನೀರು ಚಿಮುಕಿಸು, ನಾದು" ಅನ್ನುತ್ತಾರೆ. ಎಣ್ಣೆ ಜಾಸ್ತಿ ಕಾಯಿಸಿ. "ಉರಿ ತಗ್ಗಿಸು, ಮೇಲೆ ಕೆಂಪಾಗಿ ಒಳಗೆ ಮೆತ್ತಗೆ ಉಳಿಯುತ್ತೆ" ಅಂತ ಒಳಗಿನಿಂದಲೇ ಕೂಗುತ್ತಾರೆ, ಬರೀ ವಾಸನೆಗೆ. ನಿಮಗೆ ಬೇಕಾಗಿದ್ದ ವಿವರ ಒಂದೊಂದಾಗಿ ಬರುತ್ತದೆ: ಯಾವಾಗ ನಿಲ್ಲಿಸಬೇಕು, ಕೈಗೆ ಹೇಗೆ ಸಿಗಬೇಕು, ಕೆಟ್ಟರೆ ಹೇಗೆ ಸರಿಮಾಡಬೇಕು. ಕೊನೆಯದು ಅಡುಗೆ ಪುಸ್ತಕಗಳಲ್ಲಿ ಸಿಗುವುದೇ ಅಪರೂಪ.

ಅಡುಗೆಗೆ ಮಾತ್ರ ಅಂದುಕೊಳ್ಳಬೇಡಿ. ತಾತನಿಗೆ "ದುಡ್ಡು ಉಳಿಸೋದು ಹೇಗೆ?" ಅಂತ ಕೇಳುವ ಬದಲು ನಿಮ್ಮ ಕಳೆದ ತಿಂಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಬೆರಳಿಟ್ಟು ತೋರಿಸುತ್ತಾರೆ. "ಈ ಇಎಂಐ ಎರಡು ವರ್ಷ ಅಂದ್ಯಲ್ಲ, ವಸ್ತು ಎಷ್ಟು ವರ್ಷ ಬಾಳಿಕೆ ಬರುತ್ತೆ?" ಅನ್ನುವಂಥ ಪ್ರಶ್ನೆ ಬರುತ್ತದೆ. ಆಗ ಉತ್ತರ ಹುಡುಕುವ ಸರದಿ ನಿಮ್ಮದು.

ಸಂಬಂಧಗಳ ವಿಷಯಕ್ಕೂ ಇದೇ ದಾರಿ. "ಮದುವೆಗೆ ಹೋಗೋಕಾಗಲ್ಲ, ಫೋನ್‌ಪೇಲಿ ಮುಯ್ಯಿ ಹಾಕಿಬಿಟ್ರೆ ಸಾಕಲ್ವಾ?" ಅಂತ ಸುಮ್ನೆ ಒಂದು ಮಾತು ಬಿಡಿ. ಯಾರ ಮನೆಗೆ ದುಡ್ಡು ಕಳಿಸಿದರೆ ನಡೆಯುತ್ತದೆ, ಯಾರ ಮನೆಗೆ ಖುದ್ದಾಗಿ ಹೋಗಲೇಬೇಕು, ಹಿಂದಿನ ದಿನ ಹೋಗಿ ಕೆಲಸಕ್ಕೆ ಕೈ ಹಾಕುವುದು ಯಾಕೆ ದುಡ್ಡಿಗಿಂತ ದೊಡ್ಡದು ಅನ್ನುವುದೆಲ್ಲ ಹೊರಗೆ ಬರುತ್ತದೆ. ಮನೆಯಲ್ಲಿ ಹಳೆಯ ಮುಯ್ಯಿ ಪುಸ್ತಕ ಇದ್ದರೆ ತೆಗೆಸಿ. ಒಂದೊಂದು ಹೆಸರಿಗೂ ಒಂದು ಕತೆ ಇರುತ್ತದೆ.

ಒಂದು ಎಚ್ಚರಿಕೆ: ಬೇಕೆಂದೇ ತಪ್ಪು ಮಾಡುತ್ತಿದ್ದೀರಿ ಅಂತ ಗೊತ್ತಾದರೆ ಆಟ ಮುಗಿಯಿತು. ಆದರೆ ನಮ್ಮಲ್ಲಿ ಹೆಚ್ಚಿನವರು ನಿಜವಾಗಿಯೇ ಅಷ್ಟು ತಪ್ಪು ಮಾಡುತ್ತೇವಾದ್ದರಿಂದ ನಟಿಸುವ ಅಗತ್ಯ ಬೀಳುವುದು ಕಡಿಮೆ.

ಹಂತ 7: ಅಳತೆಯನ್ನೂ ಇಸವಿಯನ್ನೂ ಹಿಡಿಯುವುದು

"ಒಂದು ಪಾವು" ಅಂದರೆ ಮೊಬೈಲಿನಲ್ಲಿ ಹುಡುಕಿ ಗ್ರಾಂಗೆ ತಿರುಗಿಸಬೇಡಿ. ಹಳೇ ಮೈಸೂರು ಕಡೆ ನಾಲ್ಕು ಪಾವಿಗೆ ಒಂದು ಸೇರು ನಿಜ, ಆದರೆ ಸೇರಿನ ಗಾತ್ರ ಊರಿಂದ ಊರಿಗೆ ಬೇರೆ. ಮನೆಯಲ್ಲಿರುವ ಅದೇ ಪಾವನ್ನು ತೆಗೆದು, ಅವರು ಬಳಸುವ ಅಕ್ಕಿಯನ್ನೇ ತುಂಬಿ ತೂಕ ಮಾಡಿ. ಕಣ್ಣಳತೆಗೆ ಇನ್ನೊಂದು ಉಪಾಯ ಇದೆ. ತಕ್ಕಡಿಯ ಮೇಲೆ ತಟ್ಟೆ ಇಟ್ಟು ಸೊನ್ನೆ ಮಾಡಿ, ಉಪ್ಪನ್ನಾಗಲಿ ಹಿಟ್ಟನ್ನಾಗಲಿ ಮೊದಲು ಆ ತಟ್ಟೆಗೆ ಹಾಕಲು ಹೇಳಿ, ಬರೆದುಕೊಳ್ಳಿ, ಆಮೇಲೆ ಪಾತ್ರೆಗೆ ಸುರಿಯಿರಿ. ಮೂರು ಸಲ ಮಾಡಿಸಿದರೆ "ಒಂದು ಹಿಡಿ" ಎಷ್ಟು ಅಂತ ಗೊತ್ತಾಗುತ್ತದೆ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ದೊಡ್ಡ ಘಟನೆ ಹಿಡಿದು ಕೇಳಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1. ಎಮರ್ಜೆನ್ಸಿ 1975ರಿಂದ 77. ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿ ಚುನಾವಣೆಗೆ ನಿಂತದ್ದು 1978. ಉತ್ತರ ಕರ್ನಾಟಕದವರಿಗೆ 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ನೆನಪಿರಬಹುದು, ಹಗಲು ಹೊತ್ತಿನಲ್ಲಿ ಕತ್ತಲಾದ ದಿನ. ರಾಜ್‌ಕುಮಾರ್ ಅಪಹರಣ 2000ನೇ ಇಸವಿಯ ಜುಲೈ. ಶರಾವತಿ ಕಡೆಯವರಾದರೆ ಲಿಂಗನಮಕ್ಕಿಯಲ್ಲಿ ನೀರು ನಿಂತದ್ದು, ಬಾಗಲಕೋಟೆಯವರಾದರೆ ಆಲಮಟ್ಟಿ ಹಿನ್ನೀರು ಬಂದದ್ದು. "ಅದಕ್ಕಿಂತ ಮುಂಚೆಯಾ, ಆಮೇಲಾ? ಆಗ ಅಪ್ಪ ಶಾಲೆಗೆ ಹೋಗ್ತಿದ್ರಾ?" ಅಂತ ಎರಡು ಪ್ರಶ್ನೆ ಕೇಳಿದರೆ ಇಸವಿ ಒಂದೆರಡು ವರ್ಷದ ಅಂತರಕ್ಕೆ ಬಂದು ನಿಲ್ಲುತ್ತದೆ.

ಬೆಲೆಗಳಲ್ಲಿ ಒಂದು ಬಲೆ ಇದೆ. ರೂಪಾಯಿಗೆ 16 ಆಣೆ ಇದ್ದದ್ದು ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆದರೆ 25 ಪೈಸೆಗೆ ನಾಲ್ಕಾಣೆ, 50ಕ್ಕೆ ಎಂಟಾಣೆ ಅನ್ನುವುದು ಆಮೇಲೂ ದಶಕಗಟ್ಟಲೆ ನಡೆಯಿತು. "ನಾಲ್ಕಾಣೆಗೆ ಸಿಗ್ತಿತ್ತು" ಅಂದ ಮಾತ್ರಕ್ಕೆ ಅದನ್ನು 1957ಕ್ಕೆ ಮುಂಚಿನದು ಅಂತ ಬರೆಯಬೇಡಿ.

ಹಂತ 8: ಅದೇ ದಿನ ಬರೆಯಿರಿ

ಹೆಚ್ಚು ಜನ ಸೋಲುವುದು ಇಲ್ಲೇ. ಒಂದು ಗಂಟೆಯ ಮಾತನ್ನು ಅಕ್ಷರಕ್ಕೆ ಅಕ್ಷರ ಬರೆಯಲು ನಾಲ್ಕು ಗಂಟೆಗೂ ಮೇಲೆ ಹಿಡಿಯುತ್ತದೆ. ಅಷ್ಟು ಹೊತ್ತು ಯಾರಿಗೂ ಇಲ್ಲ. ಹಾಗಾಗಿ ಪೂರ್ತಿ ಬರೆಯಲು ಹೋಗಲೇಬೇಡಿ.

ಒಂದು ಪುಟ ತೆಗೆದುಕೊಳ್ಳಿ. ಮೇಲೆ ದಿನಾಂಕ, ಊರು, ಮಾತಾಡಿದವರು, ವಿಷಯ. ಕೆಳಗೆ ಎಡಗಡೆ ನಿಮಿಷ, ಬಲಗಡೆ ಒಂದು ಸಾಲು: "7ನೇ ನಿಮಿಷ, ಬೀಜಕ್ಕೆ ಬೂದಿ ಬೆರೆಸುವುದು". ಅರ್ಧ ಗಂಟೆಗೆ ಹತ್ತು ಸಾಲು ಸಾಕು. ಅವುಗಳಲ್ಲಿ ಬಹಳ ಮುಖ್ಯ ಅನಿಸಿದ ಒಂದೆರಡು ಮಾತನ್ನು ಮಾತ್ರ ಅವರು ಹೇಳಿದ ಹಾಗೇ ಬರೆಯಿರಿ. "ಹಂಗ" ಅಂದರೆ "ಹಂಗ", "ಬತ್ತದೆ" ಅಂದರೆ "ಬತ್ತದೆ". ಶಾಲೆಯ ಕನ್ನಡಕ್ಕೆ ತಿದ್ದಿದರೆ ಓದುವಾಗ ಅದು ಯಾರ ಮಾತು ಅಂತಲೇ ಗೊತ್ತಾಗುವುದಿಲ್ಲ. ಗೊತ್ತಿಲ್ಲದ ಪದಕ್ಕೆ ಗೆರೆ ಎಳೆದು, ಮುಂದಿನ ವಾರ ಅದನ್ನೇ ಮೊದಲ ಪ್ರಶ್ನೆ ಮಾಡಿ.

ಟೈಪ್ ಮಾಡುವವರು ಜಿಬೋರ್ಡ್‌ನ ಕನ್ನಡ ಧ್ವನಿ ಟೈಪಿಂಗ್ ಬಳಸಬಹುದು. ಆಡಿಯೋ ಕೇಳುತ್ತಾ ನೀವೇ ಮತ್ತೆ ಹೇಳಿದರೆ ಚೆನ್ನಾಗಿ ಹಿಡಿಯುತ್ತದೆ. ಆಡುಮಾತನ್ನು ಮಾತ್ರ ಅದು ತಪ್ಪಾಗಿ ಕೇಳಿಸಿಕೊಳ್ಳುವುದು ಜಾಸ್ತಿ, ಅದನ್ನು ಕೈಯಲ್ಲೇ ತಿದ್ದಿ.

ಅಪಾಯದ ಸೂಚನೆ: ಬರೆಯದೆ ಬಿಟ್ಟ ಆಡಿಯೋ ಎರಡಕ್ಕಿಂತ ಜಾಸ್ತಿ ಆದರೆ ಹೊಸ ರೆಕಾರ್ಡಿಂಗ್ ನಿಲ್ಲಿಸಿ. ಆ ವಾರ ಅಜ್ಜಿಯ ಪಕ್ಕ ಕೂತೇ ಹಳೆಯದನ್ನು ಕೇಳಿ ಬರೆಯಿರಿ. ಅವರಿಗೂ ತಮ್ಮ ಧ್ವನಿ ಕೇಳುವುದು ಖುಷಿ.

ಹಂತ 9: ಹೆಸರಿಟ್ಟು ಎತ್ತಿಡಿ

ಫೋನು ತಾನೇ ಕೊಟ್ಟ ಹೆಸರಿನಲ್ಲಿ ಬಿಡಬೇಡಿ. ವರ್ಷ, ತಿಂಗಳು, ದಿನ, ವ್ಯಕ್ತಿ, ವಿಷಯ, ಈ ಕ್ರಮದಲ್ಲಿ ಹೆಸರಿಡಿ. ವರ್ಷ ಮುಂದಿದ್ದರೆ ಫೈಲುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಒಂದು ಪ್ರತಿ ಫೋನಿನಲ್ಲಿ, ಒಂದು ಪೆನ್ ಡ್ರೈವಿನಲ್ಲಿ, ಒಂದು ಗೂಗಲ್ ಡ್ರೈವಿನಲ್ಲಿ ಅಥವಾ ಬೇರೆ ಊರಿನಲ್ಲಿರುವ ತಂಗಿಯ ಹತ್ತಿರ. ಗೂಗಲ್‌ನ ಉಚಿತ ಜಾಗ 15 ಜಿಬಿ, ಆದರೆ ನಿಮ್ಮ ಮೇಲ್ ಮತ್ತು ಫೋಟೋಗಳೂ ಅದರಲ್ಲೇ ಸೇರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ನೋಟ್‌ಬುಕ್ಕಿನ ಪುಟಕ್ಕೂ ಒಂದು ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕಿ.

ಹಂತ 10: ಓದಿ ಹೇಳಿ, ಒಂದನ್ನು ಬಳಸಿ

ಮುಂದಿನ ವಾರ ಕೂತಾಗ ಮೊದಲ ಐದು ನಿಮಿಷ ಹಿಂದಿನ ಪುಟ ಓದಿ ಹೇಳಿ. "ಅದು ಹಾಗಲ್ಲ" ಅಂತ ತಿದ್ದುತ್ತಾರೆ, ಮರೆತದ್ದನ್ನು ಸೇರಿಸುತ್ತಾರೆ. ತಿದ್ದಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ.

ಆ ಪುಟದಿಂದ ಒಂದನ್ನು ಎರಡು ವಾರ ನೀವೇ ಮಾಡಿ ನೋಡಿ. ದೊಡ್ಡದೇನೂ ಬೇಡ. ಸಂತೆಗೆ ಹೋಗುವ ಮುಂಚೆ ಡಬ್ಬಿಗಳನ್ನು ತೆರೆದು ನೋಡುವುದು, ಜಗಳ ಆದ ದಿನವೂ ಊಟಕ್ಕೆ ಕರೆಯುವುದು, ಅಂಥದ್ದು. ಆಗುತ್ತದೋ ಇಲ್ಲವೋ ಅಂತ ಹೋಗಿ ಹೇಳಿ. "ನಮ್ಮ ಮನೇಲಿ ಆಗಲಿಲ್ಲ ಅಜ್ಜಿ, ಎಲ್ಲರೂ ಬೇರೆ ಬೇರೆ ಹೊತ್ತಿಗೆ ಬರ್ತೀವಿ" ಅಂದರೆ ಅದಕ್ಕೂ ಅವರ ಹತ್ತಿರ ಒಂದು ಉತ್ತರ ಇರುತ್ತದೆ, ಅಥವಾ ಇಲ್ಲದಿರಬಹುದು. ಹಳೆಯದೆಲ್ಲ ಸರಿ ಅಂತೇನಿಲ್ಲ. ಜಾತಿ, ಮಡಿ-ಮೈಲಿಗೆ, ಸೊಸೆಯರನ್ನು ನಡೆಸಿಕೊಂಡ ರೀತಿ, ಇಂಥವೂ ಬರುತ್ತವೆ. ಇದ್ದ ಹಾಗೆ ಬರೆದಿಡಿ, ಪಾಲಿಸಬೇಕಾದ ಪಟ್ಟಿಗೆ ಸೇರಿಸಬೇಡಿ.

ಮನೆಮದ್ದಿನ ವಿಷಯದಲ್ಲಿ ಎಚ್ಚರ

ಮನೆಮದ್ದನ್ನು ಬರೆದಿಡುವುದಕ್ಕೆ ಅಡ್ಡಿಯಿಲ್ಲ, ಕೊಡುವಾಗ ಯೋಚಿಸಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು, ಯಾರು ಹೇಳಿದರೂ. ಬಾಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರುವ ಅಪಾಯ ಇದೆ. ಬಜೆ ತೇದು ನೆಕ್ಕಿಸುವಂಥದ್ದನ್ನು ಮಕ್ಕಳ ವೈದ್ಯರನ್ನು ಕೇಳದೆ ಮಾಡಬೇಡಿ. ಕಾಡಿನ ಸೊಪ್ಪು, ಅಣಬೆಗಳನ್ನು ಬರೀ ಆಡಿಯೋದ ವಿವರಣೆ ನಂಬಿ ಕಿತ್ತು ತಿನ್ನಬೇಡಿ. ಗುರುತಿಸಬಲ್ಲವರು ಜೊತೆಯಲ್ಲಿರಲೇಬೇಕು.

ಆ ದಿನಕ್ಕೆ ನಿಲ್ಲಿಸಬೇಕಾದ ಸೂಚನೆಗಳು

ಉತ್ತರ ಚಿಕ್ಕದಾಗುತ್ತಾ ಬಂದರೆ, "ಗೊತ್ತಿಲ್ಲಪ್ಪ, ಮರೆತೇಹೋಯ್ತು" ಮೇಲಿಂದ ಮೇಲೆ ಬಂದರೆ, ಕಣ್ಣು ಬಾಗಿಲ ಕಡೆ ಹೋದರೆ ನಿಲ್ಲಿಸಿ. 30 ನಿಮಿಷ ಆಗಿಲ್ಲ ಅಂತ ಎಳೆಯಬೇಡಿ.

ತೀರಿಕೊಂಡ ಮಗುವಿನ ವಿಷಯವೋ ಗಂಡನ ವಿಷಯವೋ ಬಂದು ಗಂಟಲು ಕಟ್ಟಿದರೆ ರೆಕಾರ್ಡಿಂಗ್ ನಿಲ್ಲಿಸಿ, ಆದರೆ ಗಾಬರಿಯಾಗಿ ಮಾತು ಬದಲಿಸಬೇಡಿ. ಪಕ್ಕದಲ್ಲಿ ಕೂತಿರಿ. ನೀರು ಕೊಡಿ. ಮುಂದುವರಿಸುವುದೋ ಬೇಡವೋ ಅವರೇ ಹೇಳಲಿ.

ಈಚಿನ ದಿನಗಳಲ್ಲಿ ಮರೆವು ಇದ್ದಕ್ಕಿದ್ದಂತೆ ಜಾಸ್ತಿಯಾಗಿದೆ, ಗೊತ್ತಿರುವ ಜನರ ಹೆಸರೇ ತಪ್ಪುತ್ತಿದೆ ಅನಿಸಿದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ವಾರವಾರ ಕೂತು ಕೇಳುವವರಿಗೆ ಇದು ಮನೆಯ ಬೇರೆಯವರಿಗಿಂತ ಮೊದಲು ಗೊತ್ತಾಗುತ್ತದೆ.

ಕೇಳಬೇಕಾದವರು ಈಗ ಇಲ್ಲದಿದ್ದರೆ

ಕ್ರಮ ಅದೇ, ಮೂಲ ಬೇರೆ. ಮನೆಯ ಹಳೆಯ ಲೆಕ್ಕದ ಪುಸ್ತಕ, ಮುಯ್ಯಿ ಪುಸ್ತಕ, ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ, ಇನ್‌ಲ್ಯಾಂಡ್ ಪತ್ರಗಳು, ರೇಷನ್ ಕಾರ್ಡು, ಫೋಟೋಗಳ ಹಿಂಬದಿ. ಇವನ್ನೆಲ್ಲ ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ಇಟ್ಟು ಫೋಟೋ ತೆಗೆಯಿರಿ. ಫ್ಲ್ಯಾಶ್ ಬೇಡ, ಶಾಯಿ ಮಿನುಗಿ ಓದಲು ಬರುವುದಿಲ್ಲ. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಆ ಫೋಟೋಗಳನ್ನು ಹಿಡಿದುಕೊಂಡು ಅವರ ಜೊತೆಯವರ ಹತ್ತಿರ ಹೋಗಿ: ಸೋದರತ್ತೆ, ಪಕ್ಕದ ಮನೆಯವರು, ಹೊಲದಲ್ಲಿ ಜೊತೆಗೆ ದುಡಿದವರು. "ಈ ಲೆಕ್ಕದಲ್ಲಿ ಬರೆದಿರೋ ಐದು ರೂಪಾಯಿ ಯಾಕೆ ಕೊಟ್ಟಿದ್ದು ಅಂತ ಗೊತ್ತಾ?" ಅಂತ ಒಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿ. ಹೋಗುವ ಮುಂಚೆ ಫೋನ್ ಮಾಡಿ ಅವರಿಗೆ ಯಾವ ಹೊತ್ತು ಬಿಡುವು ಅಂತ ತಿಳಿದುಕೊಳ್ಳಿ. ಹಂತ 1 ಅವರಿಗೂ ಅನ್ವಯಿಸುತ್ತದೆ.